ಇಬ್ಬರು ಹಿಡಿಯಬೇಕಿತ್ತು

ಅವರು ತೀರಿಕೊಂಡ ಸುದ್ದಿ ನನಗೆ ಹದಿನೈದು ದಿನ ತಡವಾಗಿ ತಲುಪಿತು. ಮಾನ್ವಿಯ ಬಸ್‌ ನಿಲ್ದಾಣದಲ್ಲಿ ಹಿಂದೆ ನನ್ನ ಜೊತೆ ಶಾಲೆಯಲ್ಲಿದ್ದ ಟೀಚರ್‌ ಒಬ್ಬಳು ಸಿಕ್ಕಳು. "ಕಸರತ್ತಿನ ಡಾಕ್ಟರು ಹೋದ್ರಂತ್ರೀ" ಅಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿ ಹೋದಳು. ನಾನು ಹೋಗಬೇಕಿದ್ದ ಬಸ್ಸನ್ನು ಬಿಟ್ಟು ಅಲ್ಲೇ ಕೂತೆ.

ಅವರ ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಓದು ಬರಹ ಬಲ್ಲವರು, ನೌಕರಿಯಲ್ಲಿದ್ದಾರೆ. ಇದನ್ನು ಓದಿ ನನ್ನ ಬಾಗಿಲಿಗೆ ಬಂದು ನಿಂತರೆ ಏನು ಹೇಳಲಿ? ಅಂಥ ಧೈರ್ಯವಿದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ನನಗೆ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಅವರು ರಾಯಚೂರಿನ ಒಂದು ಆಸ್ಪತ್ರೆಯಲ್ಲಿದ್ದರು. ಫಿಸಿಯೋಥೆರಪಿ ಅನ್ನುವ ಮಾತು ನಮ್ಮ ಕಡೆ ಯಾರ ನಾಲಿಗೆಗೂ ಹತ್ತುತ್ತಿರಲಿಲ್ಲ. ಕಸರತ್ತಿನ ಡಾಕ್ಟರು ಅಂತ ಜನರೇ ಹೆಸರಿಟ್ಟರು. "ಡಾಕ್ಟರ್‌ ಅಲ್ರೀ ನಾನು" ಅಂತ ಅವರು ಮೊದಮೊದಲು ತಿದ್ದುತ್ತಿದ್ದರಂತೆ, ಆಮೇಲೆ ಸಾಕಾಗಿ ಬಿಟ್ಟರು. ವೆರಾಂಡದ ಕೊನೆಯ ಕೋಣೆ ಅವರದು. ಹಿಡಿದುಕೊಂಡು ನಡೆಯಲು ಎರಡು ಕಬ್ಬಿಣದ ಸಲಾಕೆ, ಮೇಣ ಕರಗಿಸುವ ಪಾತ್ರೆ, ಕಾವು ಕೊಡುವ ಕೆಂಪು ದೀಪ, ಉಸುಕು ತುಂಬಿದ ಸಣ್ಣ ಸಣ್ಣ ಚೀಲ, ಇಷ್ಟೇ ಅಲ್ಲಿದ್ದ ಆಸ್ತಿ. ಬಂದವರು ಕೋಣೆಯನ್ನೆಲ್ಲ ಕಣ್ಣಾಡಿಸಿ, "ಸೂಜಿ ಎಲ್ಲದ್ರೀ?" ಅಂತ ಕೇಳುತ್ತಿದ್ದರು. ಸೂಜಿ ಚುಚ್ಚದ ಡಾಕ್ಟರನ್ನು ನಂಬುವುದು ನಮ್ಮ ಜನಕ್ಕೆ ಸುಲಭವಲ್ಲ.

ಕುಳ್ಳಗಿನ ಆಳು, ತೆಳ್ಳಗಿದ್ದರು. ಅಂಗೈ ಮಾತ್ರ ಅವರ ಅಳತೆಗೆ ಮೀರಿದ್ದು, ಅಗಲವಾಗಿ ಬೆಚ್ಚಗಿರುತ್ತಿತ್ತು. ರೋಗಿ ಬಂದ ಕೂಡಲೇ ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಶಹಾಬಾದಿ ಕಲ್ಲಿನ ನೆಲಕ್ಕೆ ಒಂದು ಚೊಂಬು ನೀರು ಚೆಲ್ಲಿ, ಅದರ ಮೇಲಿಂದ ನಡೆದು ಬರಲು ಹೇಳುತ್ತಿದ್ದರು. ಆಚೆಯ ಒಣ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡುತ್ತಿದ್ದವಲ್ಲ, ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಓದುತ್ತಿದ್ದರು. ಯಾವ ಹಿಮ್ಮಡಿ ಊರಿಲ್ಲ, ಯಾವ ಬೆರಳು ಎಳೆದಿದೆ, ಭಾರ ಯಾವ ಕಡೆ ಬಿದ್ದಿದೆ, ಎಲ್ಲ ಅಲ್ಲೇ ಸಿಗುತ್ತಿತ್ತು. "ಮಂದಿ ನೋವು ಹೆಚ್ಚು ಹೇಳ್ತಾರ, ಇಲ್ಲಾ ಮುಚ್ಚಿಡ್ತಾರ. ಕಾಲಿಗಿ ಆ ಬುದ್ಧಿ ಇಲ್ಲ ನೋಡ್ರಿ" ಅನ್ನುತ್ತಿದ್ದರು.

ವಾರದಲ್ಲಿ ಒಂದು ದಿನ ಮಾನ್ವಿಗೆ, ಇನ್ನೊಂದು ದಿನ ದೇವದುರ್ಗಕ್ಕೆ ಬಸ್ಸಿನಲ್ಲಿ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತು ರೋಗಿಗಳನ್ನು ನೋಡುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ಮಾನ್ವಿ ಕಡೆಯ ಹೆಣ್ಣುಮಕ್ಕಳು ಭತ್ತ ನಾಟಿ ಮಾಡಿ ಮಾಡಿ ಸೊಂಟ ಕಳೆದುಕೊಂಡಿದ್ದರು. ಕಾಲು ಸೆಳೆಯುತ್ತದೆ ಎಂದು ಕಾಲಿಗೆ ಎಣ್ಣೆ ತಿಕ್ಕಿಕೊಂಡು ಬರುತ್ತಿದ್ದರು. "ಯವ್ವಾ, ಮನಿ ಮುಂದಿನ ನಳಕ್ಕ ನೀರು ಬರಲಿಲ್ಲಂದ್ರ ನಳ ತಿಕ್ಕಿ ಏನು ಬಂತು? ಪೈಪು ಎಲ್ಲಿ ಒತ್ಯಾದ ನೋಡಬೇಕಲ್ಲ. ನಿನ್ನ ನರ ಒತ್ಯಾದ ಸೊಂಟದಾಗ" ಅಂತ ಬೆನ್ನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಹೇಗೆ ಮಲಗಬೇಕು, ಕೊಡ ಹೇಗೆ ಎತ್ತಬೇಕು ಎಂದು ತಾವೇ ಕೊಡ ಎತ್ತಿ ತೋರಿಸುತ್ತಿದ್ದರು. ಅವರ ತಾಯಿಯೂ ಹಾಗೇ ಬಗ್ಗಿ ದುಡಿದು ಕಡೆಗಾಲಕ್ಕೆ ನೆಟ್ಟಗೆ ನಿಲ್ಲಲಾರದೆ ಹೋದವರು. ಈ ವಿದ್ಯೆಗೆ ಬರಲು ಅದೇ ಕಾರಣ ಎಂದು ಒಮ್ಮೆ ಹೇಳಿದ್ದರು, ಹೇಳಿ ಮಾತು ತಿರುಗಿಸಿದ್ದರು.

ಅವರ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಯಾರ ಮೈಗೇ ಆಗಲಿ, ಕೈ ಹಚ್ಚುವ ಮೊದಲು ತಮ್ಮ ಊರು ಕೇರಿ ಹೇಳಿಬಿಡುತ್ತಿದ್ದರು. "ನಂದು ಹಿರೇಕೊಟ್ನೆಕಲ್‌ರೀ. ಊರ ಹೊರಗಿನ ಕೇರಿಯವ. ಮುಟ್ಟಲೇನ್ರೀ?" ಆಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತೀರಿ, ಯಾರು ಕೇಳಿದರು ಎಂದು ನಾನೇ ಒಮ್ಮೆ ಅಂದಿದ್ದೆ. "ಆಮ್ಯಾಲ ಗೊತ್ತಾಗಿ ಅವ್ರು ಪೇಚಾಡಬಾರದು, ನಾನೂ ಪೇಚಾಡಬಾರದು. ಈ ಕೆಲಸ ಕೈಯಿಂದ ಮಾಡೋದು. ನನ್ನ ಕೈ ಮೈ ಮ್ಯಾಲ ಇದ್ದಾಗ ಅವ್ರ ಮನಸಿನ್ಯಾಗ ಸಂಶಯ ಇತ್ತಂದ್ರ ಸ್ನಾಯು ಸಡ್ಲ ಬಿಡಂಗಿಲ್ರೀ" ಅಂದರು.

ಬೇಡ ಅಂದವರೂ ಇದ್ದರು. ರಾಯಚೂರಿನ ಬಟ್ಟೆ ವ್ಯಾಪಾರಿಯೊಬ್ಬ, ಕುತ್ತಿಗೆ ಹಿಡಿದುಕೊಂಡು ಬಂದವನು, ದೂರದಿಂದಲೇ ಹೇಳಿಕೊಡಿ ಅಂದನಂತೆ. ಇವರು ಬಾಗಿಲ ಹತ್ತಿರ ನಿಂತು ತಮ್ಮ ಕುತ್ತಿಗೆಯನ್ನೇ ಹೊರಳಿಸಿ ತೋರಿಸಿದರು, ಅವನು ಒಳಗೆ ಕೂತು ಹಾಗೇ ಮಾಡಿದ. ಹದಿನೈದು ದಿನದಲ್ಲಿ ಗುಣವಾಯಿತು. "ಮುಟ್ಟದೇ ಆರಾಮ ಮಾಡಿದ್ದು ಅದೊಂದೇ ಕೇಸ್‌. ನನ್ನ ಕೈಗಿಂತ ಬಾಯೇ ಚಲೋ ಅದ ಕಾಣ್ತದ" ಎಂದು ಹೇಳಿ ನಕ್ಕರು. ನಾನೂ ನಕ್ಕೆ. ನಮ್ಮ ಮನೆಯ ಅಂಗಳದಲ್ಲಿ ನಿಂತು, ಆ ವ್ಯಾಪಾರಿ ಎಂಥ ದಡ್ಡ ಅಂತ ನಕ್ಕೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮ ಮನೆ ದೇವದುರ್ಗದಲ್ಲಿ. ಅಪ್ಪ ತಹಶೀಲ್‌ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಜನರಿಗೆ ಅರ್ಜಿ ಬರೆದು ಕೊಡುತ್ತಿದ್ದರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆದವರು, ಆಮೇಲೆ ಕನ್ನಡದಲ್ಲಿ. ಅಕ್ಷರ ದುಂಡಗೆ ಬರೆಯುತ್ತಿದ್ದರು, ಅದರ ಬಗ್ಗೆ ಅವರಿಗೆ ಸಣ್ಣದಲ್ಲದ ಜಂಬವೂ ಇತ್ತು. ಒಂದು ದಿನ ಮರದ ಕೆಳಗೇ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು, ಒಂದೇ ಶಬ್ದ ಉಳಿಯಿತು. 'ಮಜಕೂರ.' ಮೇಲೆ ಹೇಳಿದ ಸಂಗತಿ ಅನ್ನಲು ಹಳೆಯ ಅರ್ಜಿಗಳಲ್ಲಿ ಬಳಸುತ್ತಿದ್ದ ಮಾತು ಅದು. ನೀರು ಬೇಕಾದರೂ ಮಜಕೂರ, ಹೊಟ್ಟೆ ತುಂಬಿದರೂ ಮಜಕೂರ. ನಾವು ಕಣ್ಣು ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು.

ರಾಯಚೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದಾಗ ಕಸರತ್ತಿನ ಡಾಕ್ಟರ ಪರಿಚಯವಾಯಿತು. ಅಲ್ಲಿ ಅವರು ಅಪ್ಪನನ್ನು ಮುಟ್ಟಿದಾಗ ಯಾರೂ ಏನೂ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಮಡಿ ನಡೆಯದು ಎಂದು ಅವ್ವ ಒಪ್ಪಿಕೊಂಡಿದ್ದಳು. ಮನೆಗೆ ಕರೆದುಕೊಂಡು ಬಂದ ಮೇಲೆ, ದೇವದುರ್ಗಕ್ಕೆ ಬರುವ ದಿನ ಹೇಗೂ ಇದೆಯಲ್ಲ, ಮನೆಗೇ ಬಂದು ನೋಡುತ್ತೇನೆ ಎಂದು ತಾವಾಗಿ ಹೇಳಿದರು. ಮೊದಲ ದಿನ ನಮ್ಮ ಹೊಸ್ತಿಲ ಆಚೆ ನಿಂತು ಅವ್ವನಿಗೆ ಮತ್ತೆ ಅದೇ ಮಾತು, ಹಿರೇಕೊಟ್ನೆಕಲ್‌, ಕೇರಿಯವ, ಮುಟ್ಟಲೇನ್ರೀ ಅಮ್ಮಾರ.

"ಅಯ್ಯ, ಈ ಕಾಲದಾಗ ಅದನ್ನ ಯಾರು ಕೇಳ್ತಾರ್ರೀ? ಒಳಗ ಬರ್ರಿ" ಅಂದಳು ಅವ್ವ.

ಅವರ ಮುಖ ಅರಳಿದ್ದು ನನಗೆ ನೆನಪಿದೆ.

ಅವರು ನಮಗೆ ಮೊದಲು ಕಲಿಸಿದ ಪಾಠ ಅಪ್ಪನನ್ನು ಎತ್ತುವುದು. "ಲಕ್ವಾ ಹೊಡೆದ ಭುಜಕ್ಕ ಹಿಡಕೊಳ್ಳಾಕ ಬಲ ಇರಂಗಿಲ್ಲ. ಬರೇ ಚರ್ಮದ ಮ್ಯಾಲ ಜೋತು ಬಿದ್ದದ ಅಂತ ತಿಳ್ಕೊರಿ. ಕೈ ಹಿಡದು ಎಳದ್ರೀ ಅಂದ್ರ ಕೀಲು ಜಾರ್ತದ. ಇಬ್ಬರು ಹಿಡೀಬೇಕು. ಒಬ್ಬರು ಆ ಕಡಿ, ಒಬ್ಬರು ಈ ಕಡಿ, ಬೆನ್ನಿನ ಹಲಗಿ ಕೆಳಗ ಕೈ ಹಾಕ್ರಿ." ನನ್ನಿಂದಲೂ ಅವ್ವನಿಂದಲೂ ಹತ್ತು ಸಲ ಮಾಡಿಸಿ ನೋಡಿದರು. ಆಮೇಲೆ ಅಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೂಗಿ, ಮೆಲ್ಲಗೆ ಮೇಲಕ್ಕೆ, ಪಕ್ಕಕ್ಕೆ ಒಯ್ದು ಇಳಿಸಿದರು. ಕೀಲು ಹಿಡಿದುಕೊಳ್ಳದಂತೆ ದಿನಾ ಹೀಗೆ ಮಾಡಬೇಕು ಎಂದರು. ನಾಲ್ಕನೆಯ ವಾರಕ್ಕೆ ಅಪ್ಪನ ಹೆಬ್ಬೆರಳು ಅಲುಗಿತು. ಅವರು ಅದರ ಕೆಳಗೆ ನನ್ನ ಶಾಲೆಯ ಸೀಮೆಸುಣ್ಣದ ತುಂಡಿಟ್ಟರು. ಅಪ್ಪ ಅದನ್ನು ಒತ್ತಿ ಹಿಡಿದರು. "ಈ ಕೈ ಬರೀತದ್ರೀ. ನಾ ಹೇಳ್ತೀನಿ, ಬರೀತದ" ಅಂದರು ಅವರು. ಆ ದಿನ ಅವ್ವ ಶ್ಯಾವಿಗೆ ಪಾಯಸ ಮಾಡಿದಳು.

ಇಷ್ಟಾದ ಮೇಲೆ ನಾವು ಏನು ಮಾಡುತ್ತಿದ್ದೆವು ಅನ್ನುವುದನ್ನು ಬರೆಯುತ್ತೇನೆ.

ಡಾಕ್ಟರು ಹೊರಟು ನಮ್ಮ ಓಣಿಯ ತಿರುವು ದಾಟಿದ ಕೂಡಲೇ ಅಪ್ಪನಿಗೆ ತಲೆಯ ಮೇಲಿಂದ ಸ್ನಾನ. ಬೇರೆ ದಿನಗಳಲ್ಲಿ ನಾವಿಬ್ಬರೂ ಸೇರಿ ಹಾಸಿಗೆಯಲ್ಲೇ ಮೈ ಒರೆಸುತ್ತಿದ್ದೆವು. ಅವರು ಬಂದ ದಿನ ಮಾತ್ರ ಹಾಗಲ್ಲ. ಮುಟ್ಟಿಸಿಕೊಂಡ ಗಂಡನನ್ನು ಸ್ನಾನವಾಗುವ ಮುಂಚೆ ಅವ್ವ ಮುಟ್ಟುತ್ತಿರಲಿಲ್ಲ. ಅಡಿಗೆ ಅವಳದು, ದೇವರ ಕೋಣೆ ಅವಳದು. ಹಾಗಾಗಿ ಇಬ್ಬರು ಹಿಡಿಯಬೇಕಾದ ದೇಹವನ್ನು ನಾನೊಬ್ಬಳೇ ಹಿಡಿಯುತ್ತಿದ್ದೆ. ಹಾಸಿಗೆಯಿಂದ ಎಬ್ಬಿಸಿ, ಹಿತ್ತಲ ಎರಡು ಮೆಟ್ಟಿಲು ಇಳಿಸಿ, ಬಚ್ಚಲ ಕಲ್ಲಿನ ಮೇಲೆ ಕೂರಿಸಬೇಕು. ಅಪ್ಪ ಭಾರದ ಆಳು. ಬೆನ್ನಿನ ಕೆಳಗೆ ಕೈ ಹಾಕಿದರೆ ಏಳುತ್ತಿರಲಿಲ್ಲ. ಬಲಗೈ ಮಣಿಕಟ್ಟು ಹಿಡಿದು ಎಳೆಯುತ್ತಿದ್ದೆ. ಬಚ್ಚಲಲ್ಲಿ ಅವರು ವಾಲಿದರೆ ಅದೇ ಕೈಯನ್ನು ಮೇಲಕ್ಕೆತ್ತಿ ಹಿಡಿದು ನಿಲ್ಲುತ್ತಿದ್ದೆ, ಅವ್ವ ದೂರದಿಂದ ತಂಬಿಗೆಯಲ್ಲಿ ನೀರು ಹಾಕುತ್ತಿದ್ದಳು.

ಅವ್ವನನ್ನು ಕೆಟ್ಟವಳೆಂದು ಬರೆದರೆ ನನಗೆ ಹಗುರಾಗುತ್ತದೆ, ಆದರೆ ಅದು ಸುಳ್ಳು. ನೀರು ಹಾಕುತ್ತಾ ಅಳುತ್ತಿದ್ದಳು. "ಅವರಿಗೆ ಬಾಯಿ ಇದ್ದಿದ್ರ ಅವರೇ ಸ್ನಾನಕ್ಕ ಇಡು ಅಂತಿದ್ರು. ಬಾಯಿ ಇಲ್ಲಂತ ಹಂಗೇ ಬಿಡಲೇನು?" ಅನ್ನುತ್ತಿದ್ದಳು. ನಾನು ಟೀಚರ್‌, ಮಕ್ಕಳಿಗೆ ಎಲ್ಲರೂ ಸಮಾನರು ಎಂದು ಪಾಠ ಹೇಳುತ್ತಿದ್ದವಳು. ಒಂದು ದಿನವಾದರೂ ಅವಳಿಗೆ ಎದುರಾಡಲಿಲ್ಲ.

ಎರಡನೆಯ ತಿಂಗಳಿಗೆ ಅಪ್ಪನ ಭುಜ ನೋಯತೊಡಗಿತು. ಅಂಗೈ ಊದಿಕೊಂಡು ಮಿರಿಮಿರಿ ಮಿಂಚಿತು. ಡಾಕ್ಟರು ಭುಜದ ಎಲುಬಿನ ಕೆಳಗೆ ಬೆರಳಿಟ್ಟು ನೋಡಿದರು. ಒಂದು ಬೆರಳು ಹೋಗುವಷ್ಟು ಸಂದು ಬಿದ್ದಿತ್ತು.

"ಭುಜ ಇಳದದ. ಯಾರರ ಕೈ ಹಿಡದು ಎಳದೀರೇನ್ರೀ, ಎಬ್ಬಿಸೋ ಮುಂದ?"

"ಇಲ್ರೀ. ನೀವು ಹೇಳಿದಂಗೇ ಇಬ್ಬರೂ ಹಿಡೀತೀವಿ" ಅಂದಳು ಅವ್ವ.

ಅವರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಹಾಸಿಗೆಯಲ್ಲಿದ್ದ ಅಪ್ಪ ನನ್ನನ್ನೇ ದಿಟ್ಟಿಸುತ್ತಾ, "ಮಜಕೂರ, ಮಜಕೂರ, ಮಜಕೂರ" ಅಂದರು. ಕಣ್ಣಲ್ಲಿ ನೀರಿತ್ತು. ಏನು ಹೇಳುತ್ತಿದ್ದಾರೆ ಎಂದು ನನಗೂ ಅವ್ವನಿಗೂ ಚೆನ್ನಾಗಿ ಗೊತ್ತಿತ್ತು. ಡಾಕ್ಟರಿಗೆ ಮಾತ್ರ ಬೇರೆ ತಿಳಿಯಿತು. "ನನ್ನ ಮ್ಯಾಲ ಸಿಟ್ಟಾಗ್ಯಾರ. ನಾನೇ ಕೈ ಹೆಚ್ಚು ಎತ್ತಿರಬೇಕು" ಅಂದರು.

ಸರಿಮಾಡಲೆಂದು ಅವರು ವಾರಕ್ಕೆ ಎರಡು ಸಲ ಬರತೊಡಗಿದರು, ರಜೆ ಹಾಕಿ, ಸ್ವಂತ ಬಸ್‌ ಚಾರ್ಜಿನಲ್ಲಿ. ಅಪ್ಪನಿಗೆ ವಾರಕ್ಕೆ ಎರಡು ಸಲ ಸ್ನಾನವಾಯಿತು. ಅವರು ಬಂದಷ್ಟೂ ಭುಜ ಕೆಡುತ್ತಾ ಹೋಯಿತು. ಅವರು ಪುಸ್ತಕ ತಂದು ನಮ್ಮ ಕಟ್ಟೆಯ ಮೇಲೆ ಕೂತು ಓದುತ್ತಿದ್ದರು, ಕೈ ಎತ್ತಿಸುವ ಕಸರತ್ತನ್ನು ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿದರು. ಕಡೆಗೆ ಬಟ್ಟೆಯಲ್ಲಿ ಕೈಯನ್ನು ಎದೆಗೆ ಕಟ್ಟಿದರು. ನಾಲ್ಕು ತಿಂಗಳಿಗೆ ಅದು ಅಲ್ಲೇ ಬಿಗಿದುಕೊಂಡಿತು, ಬೆರಳು ಮುದುಡಿ ಮುಷ್ಟಿಯಾದವು. ಸೀಮೆಸುಣ್ಣ ಹಿಡಿದ ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತು.

ಕೊನೆಯ ದಿನ ಅವರು ಅವ್ವನಿಗೆ ಕೈ ಮುಗಿದರು. "ತಪ್ಪಾತ್ರೀ ಅಮ್ಮಾರ. ಬರೀತದ ಅಂತ ಹೇಳಿದ್ದೆ. ನನ್ನ ಕೈಲೇ ಕೆಟ್ಟಿತು." ಅವ್ವ ದೊಡ್ಡ ಮನಸ್ಸು ಮಾಡಿ, "ಇರಲಿ ಬಿಡ್ರೀ, ನಿಮ್ಮ ಕೆಲಸ ನೀವು ಮಾಡೀರಿ" ಅಂದಳು. ಹೌದು, ನಾವು ಅವರನ್ನು ಕ್ಷಮಿಸಿದೆವು! ಅವರು ಹೋದ ಮೇಲೆ, ಅಂದೂ ಸ್ನಾನ ತಪ್ಪಲಿಲ್ಲ.

ಅಪ್ಪ ಇನ್ನೂ ನಾಲ್ಕು ವರ್ಷ ಇದ್ದರು. ಅವರು ಹೋಗಿ ಎರಡು ವರ್ಷಕ್ಕೆ ಅವ್ವನೂ ಹೋದಳು. ನನಗೆ ಮಾನ್ವಿಗೆ ವರ್ಗವಾಯಿತು. ಎಂಬತ್ತರ ದಶಕದ ನಡುವಿನ ಮಾತು. ದಿನವಿಡೀ ತರಗತಿಯಲ್ಲಿ ನಿಂತು ಹಿಮ್ಮಡಿ ನೋವು ಹಿಡಿದುಕೊಂಡಿತು. ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಪ್ರಾಣ ಹೋದಂತಾಗುತ್ತಿತ್ತು. ಅವರು ಈಗಲೂ ವಾರಕ್ಕೊಮ್ಮೆ ಬರುತ್ತಾರೆ ಎಂದು ಕೇಳಿ ದವಾಖಾನೆ ಕಟ್ಟೆಗೆ ಹೋದೆ. ತಲೆ ನರೆತಿತ್ತು. ನನ್ನನ್ನು ನೋಡಿದ್ದೇ ಎದ್ದು ನಿಂತರು. "ಅಕ್ಕೋರ, ಬರ್ರಿ ಬರ್ರಿ" ಎಂದು ನನ್ನನ್ನೂ ಒದ್ದೆ ನೆಲದ ಮೇಲೆ ನಡೆಸಿದರು. ಬೆಳಿಗ್ಗೆ ಎದ್ದ ಕೂಡಲೇ ಅಂಗಾಲ ಕೆಳಗೆ ಸೀಸೆ ಉರುಳಿಸಲು ಹೇಳಿದರು.

ಅಲ್ಲೇ ಪಕ್ಕದಲ್ಲಿ ಪೋತ್ನಾಳದ ಒಬ್ಬ ಹೆಣ್ಣುಮಗಳು ಕೂತಿದ್ದಳು. ನಾಟಿ ಕೂಲಿಗೆ ಹೋಗುವವಳು, ನಲವತ್ತರ ಆಸುಪಾಸು, ಬಲಭಾಗಕ್ಕೆ ಲಕ್ವಾ ಹೊಡೆದು ಮೂರು ತಿಂಗಳಾಗಿತ್ತಂತೆ. ಮಾತು ಸರಿಯಾಗಿತ್ತು, ಕಾಲೂ ಸುಧಾರಿಸಿತ್ತು. ಕೈಯನ್ನು ಮಾತ್ರ ಎದೆಗೆ ಬಿಗಿಯಾಗಿ ಕಟ್ಟಿದ್ದರು. ನನಗೆ ನಮ್ಮ ಮನೆಯ ಪಾಠ ನೆನಪಾಯಿತು. "ಈಕೀಗೆ ದಿನಾ ಕೈ ಎತ್ತಿ ಇಳಸಬೇಕಲ್ರೀ, ಕೀಲು ಹಿಡಕೊಳ್ಳಂಗಿಲ್ಲೇನು?" ಎಂದು ಕೇಳಿದೆ.

"ಅದನ್ನ ಬಿಟ್ಟೀನಿ" ಅಂದರು. "ಪುಸ್ತಕದಾಗ ಹಂಗೇ ಅದ. ಆದ್ರ ನಿಮ್ಮ ಅಪ್ಪಾರ ಭುಜ ಎತ್ತಿ ಎತ್ತಿ ನಾನು ಕೆಡಿಸಿದೆ. ಇನ್ನೊಬ್ಬರದು ಕೆಡಸಾಕ ಧೈರ್ಯ ಇಲ್ರೀ. ಈಗ ಎಲ್ಲಾರಿಗೂ ಕಟ್ಟೇ ಇಡ್ತೀನಿ. ಹೊಸ ಹುಡುಗರಿಗೂ ಅದೇ ಹೇಳಿಕೊಡಾಕತ್ತೀನಿ."

ನಾನು ಹೂಂ ಅಂದು ಎದ್ದು ಬಂದೆ. ಅಂದೂ ಹೇಳಲಿಲ್ಲ. ನಾವು ಕೆಡಿಸಿದ್ದು ಒಂದೇ ಭುಜ ಅಂತ ಅಂದುಕೊಂಡಿದ್ದೆ. ಮರುವಾರ ಹೋಗಿ, ಅವರ ಮುಂದಿನ ಸ್ಟೂಲಿನ ಮೇಲೆ ಕೂತು, ಸ್ನಾನದ ಸಂಗತಿಯನ್ನು ಹೇಳಿಬಿಟ್ಟೆ. ಅವ್ವನ ಮೇಲೆ ಹಾಕಲಿಲ್ಲ. ಎಳೆದವಳು ನಾನು, ತಲೆ ಆಡಿಸಿದವಳು ನಾನು ಅಂದೆ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ನಿಂತು ತಮ್ಮ ಬಲಗೈ ಚಾಚಿದರು. "ಹೆಂಗ ಎಳದ್ರಿ ತೋರಸ್ರಿ."

ಅವರ ಮಣಿಕಟ್ಟು ಹಿಡಿದು ಎಳೆದೆ.

"ಇಷ್ಟೇನು?"

"ಇದಕ್ಕಿಂತ ಜೋರು."

"ಎಷ್ಟು ಸಲ?"

"ನೀವು ಬಂದಾಗೆಲ್ಲ."

ಅವರು ಕೈ ಬಿಡಿಸಿಕೊಂಡು ಗೋಡೆಗೆ ಒರಗಿ ಕೂತರು. "ಮುಟ್ಟಿದ್ದಕ್ಕ ಸ್ನಾನ ಮಾಡಿಸಿದ್ದು ನನಗ ಹೊಸದಲ್ರೀ ಅಕ್ಕೋರ" ಅಂದರು. "ಹೇಳಿದ್ರ ಸಾಕಿತ್ತು. ನಾನೇ ಬಚ್ಚಲ ತನಕ ಒಯ್ದು ಕೂಡಿಸಿ ಹೋಗತಿದ್ದೆ. ಹೆಂಗೂ ನಾ ಮುಟ್ಟಿದ ಮೈಯೇ ಅಲ್ಲೇನು ಅದು. ಆಮ್ಯಾಲ ನೀವು ಬೇಕಾದಷ್ಟು ನೀರು ಹಾಕಬಹುದಿತ್ತು."

ಆಮೇಲೆ ಬೆರಳು ಮಡಚತೊಡಗಿದರು. ಗಿಲ್ಲೆಸುಗೂರಿನ ಬಡಿಗೇರ. ಮಾನ್ವಿಯ ದರ್ಜಿ. ರಾಯಚೂರಿನ ಇಬ್ಬರು ಹಮಾಲರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದ ಮೇಲೆ ಎಣಿಸುವುದನ್ನು ನಿಲ್ಲಿಸಿದರು. ಎಲ್ಲರೂ ಕೈಯಿಂದ ದುಡಿದು ಉಣ್ಣುವವರು, ಎಲ್ಲರ ಭುಜವನ್ನೂ ಕಟ್ಟಿ ಇಟ್ಟಿದ್ದರು.

ಅಷ್ಟರಲ್ಲಿ ಪೋತ್ನಾಳದ ಆ ಹೆಣ್ಣುಮಗಳು ಗಂಡನ ಜೊತೆ ಬಂದಳು. ಅವರು ಅವಳನ್ನು ಕೂರಿಸಿ ಎದೆಯ ಕಟ್ಟು ಬಿಚ್ಚಿದರು. ಕೈಯನ್ನು ಎರಡೂ ಅಂಗೈಯಲ್ಲಿ ತೂಗಿ ಮೇಲಕ್ಕೆ ಒಯ್ಯಲು ನೋಡಿದರು. ಒಂದು ಗೇಣೂ ಏಳಲಿಲ್ಲ, ಅವಳು ನೋವಿಗೆ ತುಟಿ ಕಚ್ಚಿದಳು.

"ಕೈ ಏಳ್ತದೇನ್ರೀ ಯಪ್ಪಾ? ನಾಟಿ ಶುರು ಆಗ್ತದ" ಅಂದಳು.

"ನನ್ನ ತಪ್ಪಾಗ್ಯಾದವ್ವಾ" ಅಂದರು ಅವರು. "ಇದನ್ನ ಮೊದಲೇ ಬಿಚ್ಚಬೇಕಿತ್ತು. ನಂದೇ ತಪ್ಪು."

ನಾನು ಅವರಿಂದ ಮೂರು ಅಡಿ ದೂರದಲ್ಲಿ ನಿಂತಿದ್ದೆ. ಅವಳು ನನ್ನ ಕಡೆಯೂ ಒಮ್ಮೆ ನೋಡಿದಳು. ನಾನು ಬಾಯಿ ಬಿಡಲಿಲ್ಲ.